ಗಡಿಯೊಳಗಿನ ಪರನಾಡು: ಬೆಳಗಾವಿಯ ಬಿ.ಇಡಿ. ಇಂಟರ್ನ್‌ಶಿಪ್ ಮತ್ತು ಖಾನಾಪುರದ ಮರಾಠಿ ಶಾಲೆಗಳು

ಪ್ರಶಿಕ್ಷಣಾರ್ಥಿಯೊಬ್ಬ ಒಂದು ಸೆಮಿಸ್ಟರ್ ವಿದೇಶದಲ್ಲಿ ಪಾಠ ಹೇಳಿ ಬಂದರೆ ಅವನಿಗೆ ದಕ್ಕುವುದೇನು? ತನ್ನ ಮಾತು, ತನ್ನ ರೂಢಿ, ತನ್ನ ಉದಾಹರಣೆಗಳು ಎಲ್ಲ ಊರಲ್ಲೂ ಚಲಾವಣೆಯಾಗುವುದಿಲ್ಲ ಎಂಬ ಅರಿವು ತರಗತಿಯಲ್ಲೇ ಮೂಡುತ್ತದೆ ಎಂಬುದು ಇಂಥ ಕಾರ್ಯಕ್ರಮಗಳ ಸಮರ್ಥಕರು ಸಾಮಾನ್ಯವಾಗಿ ಕೊಡುವ ಉತ್ತರ. ಉತ್ತರ ಸರಿಯೇ. ಆದರೆ ಈ ಅರಿವನ್ನು ತಂದುಕೊಡುವುದು ಪಾಸ್‌ಪೋರ್ಟೋ, ಮಕ್ಕಳ ಮನೆಮಾತಿನ ಎದುರು ಶಿಕ್ಷಕ ಹೊರಗಿನವನಾಗಿ ನಿಲ್ಲುವ ಸ್ಥಿತಿಯೋ ಎಂದು ಬಿಡಿಸಿ ನೋಡಬೇಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ 1970ರ ದಶಕದಿಂದ ತನ್ನ ಪ್ರಶಿಕ್ಷಣಾರ್ಥಿಗಳನ್ನು ಹೊರದೇಶಗಳ ಶಾಲೆಗಳಿಗೆ ಕಳಿಸುತ್ತ ಬಂದಿದೆ. ಅದೇ ವಿಶ್ವವಿದ್ಯಾಲಯ ತನ್ನ ದೇಶದೊಳಗಿನ ನವಾಹೋ ಮೂಲನಿವಾಸಿಗಳ ಶಾಲೆಗಳಿಗೂ ವಿದ್ಯಾರ್ಥಿಗಳನ್ನು ಕಳಿಸಿ, ಎರಡನ್ನೂ ಒಂದೇ ಬಗೆಯ ಅನುಭವವೆಂದು ಪರಿಗಣಿಸಿತು. ಈ ತರ್ಕವನ್ನು ಒಪ್ಪಿದರೆ ಬೆಳಗಾವಿಯ ಬಿ.ಇಡಿ. ವಿದ್ಯಾರ್ಥಿಗೆ ಪರನಾಡು ಸುಮಾರು 26 ಕಿ.ಮೀ. ದೂರದ ಖಾನಾಪುರದಲ್ಲೇ ಇದೆ ಎಂಬುದು ನನ್ನ ವಾದ.

ನಿಯಮದ ಅಡ್ಡಿಯೇನೂ ಇಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿ ಬಿ.ಇಡಿ.ಯನ್ನು 2 ವರ್ಷಕ್ಕೆ ಹಿಗ್ಗಿಸಿ ಶಾಲೆಯಲ್ಲಿ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16. ಖಾನಾಪುರ ತಾಲ್ಲೂಕಿನ ಭಾಷಾಸ್ಥಿತಿಯೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾದ ಕಾಡಂಚಿನಲ್ಲಿ ಮರಾಠಿ, ಕೊಂಕಣಿ ಮನೆಮಾತು. ಪೂರ್ವದ ಬೀಡಿ, ಇಟಗಿ, ಪಾರಿಶ್ವಾಡದ ಕಡೆ ಕನ್ನಡ. ರಾಜ್ಯದ ಪಠ್ಯಪುಸ್ತಕಗಳು ಮರಾಠಿಯಲ್ಲೂ ಅಚ್ಚಾಗುತ್ತವೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ಮರಾಠಿ ಮಾಧ್ಯಮದ ಶಾಲೆಯಲ್ಲೂ ಕನ್ನಡದ ಪಾಠ ನಡೆಯಲೇಬೇಕು.

ಆ ಕನ್ನಡದ ಪಾಠದೊಳಗೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮರಾಠಿ ಬರೆಯುವ ದೇವನಾಗರಿಯಲ್ಲಿ ‘ಎ’, ‘ಏ’ ಎಂದು ಎರಡು ಅಕ್ಷರಗಳಿಲ್ಲ. ‘ಒ’, ‘ಓ’ ಕೂಡ ಒಂದೇ. ಹೀಗಾಗಿ ಮರಾಠಿ ಮನೆಯ ಮಗು ‘ಪುಸ್ತಕ ಕೊಡು’ ಎನ್ನುವಲ್ಲಿ ‘ಪುಸ್ತಕ ಕೋಡು’ ಎಂದು ಬರೆದರೆ, ನೀರಿನ ಕೆರೆ ಹರಿದಾಡುವ ಕೇರೆಯಾದರೆ, ಅದು ಉದಾಸೀನದ ತಪ್ಪಲ್ಲ. ಮಗು ತನಗೆ ಗೊತ್ತಿರುವ ಲಿಪಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ದೇವನಾಗರಿ ಓದಿದ ಶಿಕ್ಷಕನಿಗೆ ಇದರ ಮೂಲ ಕಾಣುತ್ತದೆ. ಓದದವನಿಗೆ ಕಾಣುವುದು ‘ಕಾಗುಣಿತ ಬರಲ್ಲ’ ಎಂಬ ಷರಾ ಮಾತ್ರ. ಇನ್ನು ಲಿಂಗದ ವಿಚಾರ. ಮರಾಠಿಯಲ್ಲಿ ಹಲಗೆ ಪುಲ್ಲಿಂಗ, ಪಾಟಿ ಸ್ತ್ರೀಲಿಂಗ, ದಪ್ತರ ನಪುಂಸಕ. ಹಾಗಾಗಿ ‘ಕಾಳಾ ಫಳಾ’, ‘ಕಾಳೀ ಪಾಟೀ’, ‘ಕಾಳಂ ದಪ್ತರ್’. ಕನ್ನಡದಲ್ಲಿ ಮೂರೂ ‘ಕರಿ’. ಇಲ್ಲಿ ಎಡವುವವನು ಪ್ರಶಿಕ್ಷಣಾರ್ಥಿ, ತಿದ್ದುವವರು ಮಕ್ಕಳು. ಬಂಧುವಾಚಕಗಳೂ ಕಾಲೆಳೆಯುತ್ತವೆ: ಕನ್ನಡದ ತಾಯಿ ಹೆತ್ತವಳು, ಮರಾಠಿಯ ‘ತಾಈ’ ಅಕ್ಕ. ಕನ್ನಡ ಸಾಲಿಯಲ್ಲಿ ಅಕ್ಕೋರು ಅನ್ನಿಸಿಕೊಳ್ಳುವ ಶಿಕ್ಷಕಿ ಮರಾಠಿ ಸಾಲಿಯಲ್ಲಿ ‘ಬಾಈ’. ಕನ್ನಡದ ಕಿವಿಗೆ ಅದು ‘ಬಾಯಿ’ ಎಂದೇ ಕೇಳಿಸೀತು. ಮೈಲುಗಟ್ಟಲೆ ಹಾರಿ ಹೋಗಿ ಕಲಿಯಬೇಕಾದ ಪಾಠ ಇದಕ್ಕಿಂತ ಬೇರೆ ಏನಿದ್ದೀತು?

ಈ ಪರಿಸ್ಥಿತಿ ಹೊಸದಲ್ಲ, ತಿರುಗುಮುರುಗಾಗಿದೆ ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಮುಂಬೈ ಪ್ರಾಂತ್ಯದಲ್ಲಿ ಇಲ್ಲಿಯ ಕನ್ನಡದ ಮಕ್ಕಳೇ ಮರಾಠಿ ಸಾಲಿಯಲ್ಲಿ ಅರ್ಥವಾಗದ ಮಾತು ಕೇಳುತ್ತ ಕೂತಿದ್ದರು. ಅದನ್ನು ಬದಲಿಸಲು ದುಡಿದವರಲ್ಲಿ ಆ ಕಾಲದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಮುಖ್ಯರು. ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ಎಂಬ ಅವರ ನಿಲುವನ್ನು ಕನ್ನಡಕ್ಕಷ್ಟೇ ಮೀಸಲಿಟ್ಟು ಓದುವುದು ಅವರಿಗೆ ಮಾಡುವ ಅನ್ಯಾಯ.

ಒಂದೇ ರಾಜ್ಯ, ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ಇರುವಲ್ಲಿ ಪರನಾಡಿನ ಮಾತೇಕೆ ಎಂದು ಕೇಳಬಹುದು. ಆ ಸಮಾನತೆಯೇ ಅನುಕೂಲ. ವಿದೇಶದಲ್ಲಿ ಪಠ್ಯ, ಗಂಟೆ, ಶಿಸ್ತು, ಊಟ ಎಲ್ಲವೂ ಬೇರೆಯಾದ್ದರಿಂದ ಯಾವುದು ಯಾವುದನ್ನು ಕಲಿಸಿತು ಎಂದು ಹೇಳುವುದು ಕಷ್ಟ. ಖಾನಾಪುರದಲ್ಲಿ ಭಾಷೆಯ ಪಾತ್ರವೊಂದೇ ಎದ್ದು ಕಾಣುತ್ತದೆ. ಮಕ್ಕಳ ಓದಿಗೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅರೆಬರೆ ಮರಾಠಿಯಲ್ಲಿ ಗಣಿತ ಹೇಳುವ ಹಕ್ಕು ಯಾರಿಗೂ ಇಲ್ಲ; ಮಗುವಿನ ಒಂದು ವರ್ಷ ನಮ್ಮ ಪ್ರಯೋಗಶಾಲೆಯಲ್ಲ. ಆದ್ದರಿಂದ ನನ್ನ ಸೂಚನೆ ಸೀಮಿತವಾದದ್ದು: 16 ವಾರಗಳಲ್ಲಿ 4 ವಾರ, ಅದೂ ಕನ್ನಡದ ಪಾಠದ ಅವಧಿಗೆ ಮಾತ್ರ. ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಅಧಿಕಾರಕ್ಕೆ ಸಂಬಂಧಿಸಿದ್ದು. ವಿದೇಶಕ್ಕೆ ಹೋದವನು ಅಲ್ಲಿ ನಿಜಕ್ಕೂ ಬಲಹೀನ. ಖಾನಾಪುರದ ಮರಾಠಿ ಶಾಲೆಗೆ ಹೋಗುವ ಕನ್ನಡಿಗ ರಾಜ್ಯಭಾಷೆಯ ಬಲವನ್ನು ಬೆನ್ನಿಗಿಟ್ಟುಕೊಂಡೇ ಒಳಗೆ ಕಾಲಿಡುತ್ತಾನೆ. ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗದ ವರದಿ ಬಂದು ಅರ್ಧ ಶತಮಾನ ದಾಟಿದರೂ ವ್ಯಾಜ್ಯ ಆರದ ಈ ನೆಲದಲ್ಲಿ ಅದು ಹೇರಿಕೆಯಂತೆ ಕಂಡರೆ ಅಚ್ಚರಿಯಿಲ್ಲ. ಈ ಮಾತನ್ನು ತಳ್ಳಿಹಾಕಲಾಗದು, ಒಪ್ಪಿಕೊಂಡೇ ಮುಂದುವರಿಯಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಇಲ್ಲಿ ಎಲ್ಲೆಯಾಗಬೇಕು. ಪ್ರಶಿಕ್ಷಣಾರ್ಥಿ ಹೋಗುವ ಮುನ್ನ ದೇವನಾಗರಿ ಓದಲು ಕಲಿತಿರಬೇಕು, ಮೊದಲ ವಾರ ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕು, ಮತ್ತು ಕಳಿಸಿಕೊಡುವುದು ಎರಡೂ ಕಡೆಯಿಂದ ಆಗಬೇಕು: ಮರಾಠಿ ಮನೆಮಾತಿನ ಪ್ರಶಿಕ್ಷಣಾರ್ಥಿ ಇಟಗಿ, ಬೀಡಿಯ ಕನ್ನಡ ಶಾಲೆಯಲ್ಲಿ ಅಷ್ಟೇ ವಾರ ಕಳೆಯಬೇಕು. ಒಂದೇ ದಿಕ್ಕಿಗೆ ಹರಿದರೆ ಅದು ಪ್ರಚಾರವಾದೀತು, ತರಬೇತಿಯಾಗದು.

ಉಳಿದದ್ದು ವ್ಯವಸ್ಥೆಯ ಪ್ರಶ್ನೆ. ಬೆಳಗಾವಿಯ ಬಿ.ಇಡಿ. ಕಾಲೇಜುಗಳು ಮುಂದಿನ ಸಾಲಿನ ಶಾಲಾ ಹಂಚಿಕೆ ಮಾಡುವಾಗ ಜಾಂಬೋಟಿ ರಸ್ತೆಯ ಒಂದೆರಡು ಮರಾಠಿ ಶಾಲೆಗಳನ್ನು, ಬೀಡಿಯ ಕಡೆಯ ಒಂದೆರಡು ಕನ್ನಡ ಶಾಲೆಗಳನ್ನು ಪಟ್ಟಿಗೆ ಸೇರಿಸಲಿ. ಜುಲೈ ತಿಂಗಳು ಮಾತ್ರ ಬೇಡ. ಆ ಮಳೆಯಲ್ಲಿ ಕಣಕುಂಬಿಯ ಕಡೆ ದಿನಾ ಓಡಾಡಿ ಪಾಠ ಹೇಳುವುದು ಆಗದ ಮಾತು.