ಗುಂಡು ಹಾರಿಸದ ಪಡೆ: ಯೂನಿಟ್ 74455ರ ಕಥೆ

ಭಾಗ 1

ಮೊದಲ ಫೋಟೋದಲ್ಲಿರೋ ಎತ್ತರದ ಕಟ್ಟಡ ನೋಡಿ ಯಾವುದೋ ಐಟಿ ಕಂಪನಿ ಅಂದ್ಕೊಂಡ್ರೆ ಅದು ನಿಮ್ಮ ತಪ್ಪಲ್ಲ, ನೋಡೋಕೆ ಹಾಗೇ ಇದೆ. ಜಾಗ ಮಾಸ್ಕೋಗೆ ಅಂಟಿಕೊಂಡ ಖಿಮ್ಕಿ, ಕಿರೊವಾ ರಸ್ತೆ, ನಂಬರ್ 22. ಒಳಗಿನವರು ಇದನ್ನ 'ಟವರ್' ಅಂತ ಕರೀತಾರಂತೆ.

ರಷ್ಯಾ ಸೇನೆಯ ಗುಪ್ತಚರ ವಿಭಾಗದ ಹೆಸರು ಜಿಆರ್‌ಯು. 1918ರಷ್ಟು ಹಳೇದು. ರಷ್ಯಾ ಸೇನೆಯ ತುಕಡಿಗಳಿಗೆ ಐದಂಕಿಯ ನಂಬರ್ ಇರುತ್ತೆ. ಈ ಕಟ್ಟಡದ ತುಕಡಿಯ ನಂಬರ್ 74455. ಹ್ಯಾಕರ್ ಅಂದ ತಕ್ಷಣ ಕತ್ತಲೆ ಕೋಣೆ, ಹೂಡಿ ಹಾಕ್ಕೊಂಡ ಹುಡುಗ ನೆನಪಾಗ್ತಾನೆ ಅಲ್ವಾ? ಇಲ್ಲಿರೋರು ಸಂಬಳ, ರ‍್ಯಾಂಕ್, ಮೇಲಧಿಕಾರಿ ಎಲ್ಲ ಇರೋ ಸೈನಿಕರು. ಮೇಲಿಂದ ಆದೇಶ ಬಂದ್ರೆ ಕೆಲಸ ಮಾಡ್ತಾರೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದ್ಯಾವುದನ್ನೂ ರಷ್ಯಾ ಒಪ್ಪಿಕೊಂಡಿಲ್ಲ. ನಾವು ತಿಳ್ಕೊಂಡಿರೋದೆಲ್ಲ ಅಮೆರಿಕದ ದೋಷಾರೋಪ ಪಟ್ಟಿ, ಬ್ರಿಟನ್ ಮತ್ತು ಉಕ್ರೇನ್ ಸರ್ಕಾರಗಳ ಹೇಳಿಕೆ, ಸೆಕ್ಯುರಿಟಿ ಕಂಪನಿಗಳ ಸಂಶೋಧನೆಯಿಂದ. ಆದರೆ ಆ ಸಾಕ್ಷಿಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ.

ಈ ಸರಣಿ ಬರೆಯೋಕೆ ನನಗಿರೋ ಕಾರಣ ಒಂದೇ ಪ್ರಶ್ನೆ. ದಾಳಿ ಮಾಡಿದ್ದು ಸೇನೆ, ಆದ್ರೆ ಪೆಟ್ಟು ತಿಂದಿದ್ದು ಕರೆಂಟ್ ಬಿಲ್ ಕಟ್ಟೋ ಜನ, ಆಸ್ಪತ್ರೆ, ಬಂದರು. ಇದು ಯುದ್ಧನಾ? ಅಲ್ಲ ಅಂದ್ರೆ ಮತ್ತೇನು?

ಭಾಗ 2

2014. ಆ ವರ್ಷದ ಮಾರ್ಚ್‌ನಲ್ಲಿ ರಷ್ಯಾ ಕ್ರೈಮಿಯಾವನ್ನ ತನ್ನೊಳಗೆ ಸೇರಿಸಿಕೊಂಡಿತ್ತು. ಪೂರ್ವ ಉಕ್ರೇನ್‌ನಲ್ಲಿ ಕಾದಾಟ ಶುರುವಾಗಿತ್ತು. ಆಗ ಐಸೈಟ್ ಪಾರ್ಟ್‌ನರ್ಸ್ ಅನ್ನೋ ಸೆಕ್ಯುರಿಟಿ ಕಂಪನಿ ಕೈಗೆ ಒಂದು ಪವರ್‌ಪಾಯಿಂಟ್ ಫೈಲ್ ಸಿಕ್ತು. ಅದನ್ನ ತೆರೆದರೆ ಸಾಕು, ವಿಂಡೋಸ್‌ನಲ್ಲಿ ಆಗ ಯಾರಿಗೂ ಗೊತ್ತಿಲ್ಲದ ಒಂದು ತೂತಿನಿಂದ ಮಾಲ್‌ವೇರ್ ಒಳಗೆ ಇಳೀತಿತ್ತು.

ಮಾಲ್‌ವೇರ್ ಕೋಡ್ ಬಿಚ್ಚಿ ನೋಡಿದವರಿಗೆ ವಿಚಿತ್ರ ಪದಗಳು ಕಂಡವು. 'ಅರಾಕಿಸ್', 'ಹೌಸ್ ಅಟ್ರೈಡಿಸ್'. ಸಿನಿಮಾ ನೋಡಿದವರಿಗೆ ಈಗಾಗಲೇ ಗೊತ್ತಾಗಿರುತ್ತೆ: ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್' ಕಾದಂಬರಿಯ ಹೆಸರುಗಳು ಇವು. ಕೋಡ್ ಬರೆದವನು ಆ ಪುಸ್ತಕದ ಅಭಿಮಾನಿ. ಆ ಕಥೆಯ ಮರಳುಗಾಡಿನ ಅಡಿಯಲ್ಲಿ ಕಾಣದ ಹಾಗೆ ಓಡಾಡೋ ದೈತ್ಯ ಹುಳ ಇದೆ, ಸ್ಯಾಂಡ್‌ವರ್ಮ್. ಸಂಶೋಧಕರು ಈ ಗುಂಪಿಗೆ ಅದೇ ಹೆಸರಿಟ್ಟರು. ಆ ಹುಳ ಒಂದು ಮಿಲಿಟರಿ ತುಕಡಿ ಅಂತ ಲೋಕಕ್ಕೆ ಖಚಿತವಾಗೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು.

ಭಾಗ 3

2015ರ ಡಿಸೆಂಬರ್ 23, ಮಧ್ಯಾಹ್ನ ಕಳೆದ ಹೊತ್ತು. ಪಶ್ಚಿಮ ಉಕ್ರೇನ್‌ನ ಇವಾನೊ-ಫ್ರಾಂಕಿವ್‌ಸ್ಕ್. ಅಲ್ಲಿನ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಆಪರೇಟರ್ ಮೌಸ್ ಮುಟ್ಟಿಲ್ಲ, ಆದರೂ ಸ್ಕ್ರೀನ್ ಮೇಲೆ ಕರ್ಸರ್ ತಾನೇ ಓಡಾಡ್ತಿದೆ. ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ ಹತ್ತಿರ ಹೋಗುತ್ತೆ, ಕ್ಲಿಕ್ ಆಗುತ್ತೆ, ಅಲ್ಲಿ ಕರೆಂಟ್ ಕಟ್. ಆಮೇಲೆ ಮುಂದಿನ ಬ್ರೇಕರ್. ಕಂಪ್ಯೂಟರ್ ಕೈಗೆ ತಗೊಳ್ಳೋಣ ಅಂದ್ರೆ ಲಾಗೌಟ್. ಮತ್ತೆ ಲಾಗಿನ್ ಆಗೋಣ ಅಂದ್ರೆ ಪಾಸ್‌ವರ್ಡ್ ಬದಲಾಗಿದೆ.

ಆ ಸಂಜೆ ಮೂರು ಕಂಪನಿಗಳ ಸುಮಾರು 30 ಸಬ್‌ಸ್ಟೇಷನ್ ಆಫ್ ಆದವು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲು. ಸೈಬರ್ ದಾಳಿಯಿಂದ ಊರಿಗೆ ಊರೇ ಕರೆಂಟ್ ಕಳ್ಕೊಂಡದ್ದು ಖಚಿತವಾಗಿ ದಾಖಲಾಗಿದ್ದು ಇದೇ ಮೊದಲು.

ನನಗೆ ಬೆರಗು ಹುಟ್ಟಿಸೋದು ಕತ್ತಲಲ್ಲ, ಅದಕ್ಕೆ ಮಾಡಿಕೊಂಡ ತಯಾರಿ. ಶುರುವಾಗಿದ್ದು ತಿಂಗಳುಗಳ ಹಿಂದೆ ಬಂದ ಒಂದು ಸಾಮಾನ್ಯ ಈಮೇಲ್‌ನಿಂದ. ಜೊತೆಗಿದ್ದ ಆಫೀಸ್ ಫೈಲ್ 'ಮ್ಯಾಕ್ರೋ ಆನ್ ಮಾಡಿ' ಅಂತ ಕೇಳ್ತು, ಯಾರೋ ಆನ್ ಮಾಡಿದ್ರು. ಅಲ್ಲಿಂದ 'ಬ್ಲ್ಯಾಕ್‌ಎನರ್ಜಿ' ಮಾಲ್‌ವೇರ್ ಒಳಗೆ ಬಂತು, ಪಾಸ್‌ವರ್ಡ್ ಕದೀತು, ಯಾವ ಸಿಸ್ಟಮ್ ಹೇಗೆ ನಡೆಯುತ್ತೆ ಅಂತ ಸದ್ದಿಲ್ಲದೆ ಕಲೀತು. ದಾಳಿಯ ದಿನ ಬ್ರೇಕರ್ ಮಾತ್ರ ಅಲ್ಲ, ದೂರದಿಂದ ಸಬ್‌ಸ್ಟೇಷನ್ ನಿಯಂತ್ರಿಸೋ ಉಪಕರಣಗಳ ಫರ್ಮ್‌ವೇರ್ ಕೂಡ ಅಳಿಸಿ ಹಾಕಿದ್ರು. ಕಂಟ್ರೋಲ್ ರೂಮಿನ ಯುಪಿಎಸ್‌ಗೂ ಕೈಯಿಟ್ಟಿದ್ರು, ಅಂದ್ರೆ ಸರಿ ಮಾಡೋರೂ ಕತ್ತಲಲ್ಲೇ ಕೂರಲಿ ಅಂತ. ಅದೇ ಹೊತ್ತಿಗೆ ಕಾಲ್ ಸೆಂಟರ್‌ಗೆ ಸುಳ್ಳು ಕರೆಗಳ ಮಳೆ, ನಿಜವಾದ ಗ್ರಾಹಕರ ಫೋನ್ ತಾಗಲೇಬಾರದು. ಕರೆಂಟ್ ಹೋದಾಗ ಲೈನ್‌ಮನ್‌ಗೆ, ಆಫೀಸಿಗೆ ಫೋನ್ ಮಾಡಿ ಮಾಡಿ 'ಎಂಗೇಜ್' ಕೇಳಿದ ಅನುಭವ ನಮಗೂ ಇದೆ. ಅಲ್ಲಿ ಆ 'ಎಂಗೇಜ್' ಕೂಡ ಯೋಜನೆಯ ಭಾಗ.

ಒಂದರಿಂದ ಆರು ಗಂಟೆಯೊಳಗೆ ಕರೆಂಟ್ ವಾಪಸ್ ಬಂತು. ಹೇಗೆ ಗೊತ್ತಾ? ಸಿಬ್ಬಂದಿ ಗಾಡಿ ಹತ್ತಿ ಒಂದೊಂದೇ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿದ್ರು. ಅಲ್ಲಿನ ಹಳೇ ವ್ಯವಸ್ಥೆಯಲ್ಲಿ ಇನ್ನೂ ಕೈಯಿಂದ ಕೆಲಸ ಮಾಡೋ ದಾರಿ ಉಳಿದಿತ್ತು. ಎಲ್ಲಾ ಆಟೋಮ್ಯಾಟಿಕ್ ಆಗಿರೋ ದೇಶದಲ್ಲಿ ಇದೇ ದಾಳಿ ಆಗಿದ್ರೆ ಇನ್ನೂ ಹೊತ್ತು ಹಿಡೀತಿತ್ತು ಅಂತ ಆಗ ಹಲವು ತಜ್ಞರು ಹೇಳಿದ್ರು.

ಭಾಗ 4 (ಇದು ಚಿಕ್ಕದು)

ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2016ರ ಡಿಸೆಂಬರ್ 17ರ ರಾತ್ರಿ, ಮತ್ತೆ ಬಂದ್ರು. ಈ ಸಲ ರಾಜಧಾನಿ ಕೀವ್‌ಗೆ ಕರೆಂಟ್ ಕೊಡೋ ದೊಡ್ಡ ಸಬ್‌ಸ್ಟೇಷನ್. ಕತ್ತಲಿದ್ದದ್ದು ಸುಮಾರು ಒಂದು ಗಂಟೆ ಮಾತ್ರ. ಆದ್ರೆ ಈ ಸಲ ಮೌಸ್ ಹಿಡಿಯೋಕೆ ಮನುಷ್ಯನೇ ಬೇಕಿರಲಿಲ್ಲ. ಆಮೇಲೆ 'ಇಂಡಸ್ಟ್ರಾಯರ್' ಅಂತ ಹೆಸರಾದ ಈ ಮಾಲ್‌ವೇರ್‌ಗೆ ಗ್ರಿಡ್ ಉಪಕರಣಗಳ ಭಾಷೆಯೇ ಬರ್ತಿತ್ತು; ಬ್ರೇಕರ್‌ಗೆ 'ತೆರೆ' ಅಂತ ತಾನೇ ಹೇಳ್ತಿತ್ತು. ಕೈಕೆಲಸ ಹೋಗಿ ಯಂತ್ರ ಬಂದ ಹಾಗೆ.

ಭಾಗ 5

ಈಗ ಈ ಯೂನಿಟ್‌ನ ಅತಿ ದೊಡ್ಡ ಕೆಲಸಕ್ಕೆ ಬರೋಣ: ನಾಟ್‌ಪೆಟ್ಯಾ.

ನಮ್ಮಲ್ಲಿ ಅಂಗಡಿ, ಆಡಿಟರ್ ಆಫೀಸ್ ಎಲ್ಲಿ ನೋಡಿದ್ರೂ ಬೆಂಗಳೂರಿನ ಟ್ಯಾಲಿ ಸಾಫ್ಟ್‌ವೇರ್ ಇರುತ್ತಲ್ಲ, ಹಾಗೆ ಉಕ್ರೇನ್‌ನಲ್ಲಿ ಲೆಕ್ಕಪತ್ರ, ತೆರಿಗೆ ಕೆಲಸಕ್ಕೆ 'ಎಂ.ಇ.ಡಾಕ್' ಅನ್ನೋ ಸಾಫ್ಟ್‌ವೇರ್. ಮಾಡೋದು ಕೀವ್‌ನ ಒಂದು ಸಣ್ಣ ಮನೆತನದ ಕಂಪನಿ. ಅದರ ಅಪ್‌ಡೇಟ್ ಸರ್ವರ್ ಒಳಗೆ ಹ್ಯಾಕರ್‌ಗಳು ಸೇರ್ಕೊಂಡ್ರು. 'ಅಪ್‌ಡೇಟ್ ಮಾಡ್ತಾ ಇರಿ, ಸೇಫ್ ಆಗಿರ್ತೀರಿ' ಅಂತ ನಮಗೆಲ್ಲ ಹೇಳ್ತಾರಲ್ಲ. ಇಲ್ಲಿ ಅಪ್‌ಡೇಟೇ ಬಾಗಿಲು.

2017ರ ಜೂನ್ 27. ಮಾರನೇ ದಿನ ಉಕ್ರೇನ್‌ನ ಸಂವಿಧಾನ ದಿನ, ರಜೆ. ಆ ಬಾಗಿಲಿನಿಂದ ಒಳಗೆ ಹೋದ ಹುಳ ಎರಡು ಆಯುಧ ಹಿಡಿದಿತ್ತು. ಒಂದು 'ಎಟರ್ನಲ್‌ಬ್ಲೂ', ಅಮೆರಿಕದ ಎನ್‌ಎಸ್‌ಎ ಬೇಹುಗಾರಿಕೆಗೆ ಅಂತ ಇಟ್ಟುಕೊಂಡು, ಕಳ್ಕೊಂಡು, ಇಂಟರ್ನೆಟ್‌ನಲ್ಲಿ ಬಯಲಾದ ಕೀಲಿ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಆ ತೂತು ಮುಚ್ಚಿತ್ತು, ಆದ್ರೆ ಎಲ್ಲರೂ ಪ್ಯಾಚ್ ಹಾಕಿರಲಿಲ್ಲ. ಇನ್ನೊಂದು 'ಮಿಮಿಕ್ಯಾಟ್ಜ್', ಕಂಪ್ಯೂಟರ್‌ನ ಮೆಮೊರಿಯಿಂದ ಪಾಸ್‌ವರ್ಡ್ ಎತ್ತೋ ಟೂಲ್. ಎರಡೂ ಸೇರಿದ್ರೆ ಏನಾಗುತ್ತೆ ಅಂದ್ರೆ, ಆಫೀಸಿನಲ್ಲಿ ಪ್ಯಾಚ್ ಹಾಕದ ಒಂದೇ ಒಂದು ಕಂಪ್ಯೂಟರ್ ಸಿಕ್ರೂ ಸಾಕು. ಅಲ್ಲಿ ಸಿಕ್ಕ ಪಾಸ್‌ವರ್ಡ್‌ನಿಂದ ಪ್ಯಾಚ್ ಹಾಕಿದ ಕಂಪ್ಯೂಟರ್‌ಗಳಿಗೂ ಹೋಗಬಹುದು. ಉಕ್ರೇನ್‌ನ ಒಂದು ದೊಡ್ಡ ಬ್ಯಾಂಕಿನ ನೆಟ್‌ವರ್ಕ್ ಬೀಳೋಕೆ ಹಿಡಿದಿದ್ದು 45 ಸೆಕೆಂಡ್.

ಸ್ಕ್ರೀನ್ ಮೇಲೆ 300 ಡಾಲರ್ ಬಿಟ್‌ಕಾಯಿನ್ ಕೇಳ್ತಿತ್ತು. ಅದು ಬರೀ ವೇಷ. ದುಡ್ಡು ಕೊಟ್ಟರೂ ಫೈಲ್ ಬಿಡಿಸಿಕೊಡೋ ಕೀಲಿ ಇರಲೇ ಇಲ್ಲ. ಸುಲಿಗೆಕೋರರ ಹಾಗೆ ಕಾಣಬೇಕು, ಉದ್ದೇಶ ಮಾತ್ರ ನಾಶ.

ಎಟಿಎಂ ನಿಂತವು. ಕೀವ್ ಮೆಟ್ರೋದಲ್ಲಿ ಕಾರ್ಡ್ ನಡೀಲಿಲ್ಲ. ಚೆರ್ನೋಬಿಲ್‌ನಲ್ಲಿ ವಿಕಿರಣ ಅಳೆಯೋ ಕೆಲಸವನ್ನ ಕೈಯಿಂದ ಮಾಡಬೇಕಾಯ್ತು.

ಭಾಗ 6

ಹುಳಕ್ಕೆ ಗಡಿ ಗೊತ್ತಿಲ್ಲ. ಉಕ್ರೇನ್‌ನಲ್ಲಿ ವ್ಯವಹಾರ ಇರೋ ವಿದೇಶಿ ಕಂಪನಿಗಳ ಮೂಲಕ ಜಗತ್ತಿಡೀ ಹಬ್ಬಿತು. ರಷ್ಯಾದ ಸರ್ಕಾರಿ ತೈಲ ಕಂಪನಿ ರೋಸ್‌ನೆಫ್ಟ್‌ಗೂ ತಗುಲಿತು, ಅದನ್ನೂ ಹೇಳ್ಬೇಕು.

ಹೆಚ್ಚು ಸುದ್ದಿಯಾದದ್ದು ಡೆನ್ಮಾರ್ಕ್‌ನ ಹಡಗು ಕಂಪನಿ ಮೇರ್ಸ್ಕ್. ಜಗತ್ತಿನ ಕಂಟೇನರ್ ಸಾಗಣೆಯಲ್ಲಿ ಆಗ ಐದರಲ್ಲಿ ಒಂದು ಪಾಲಿನ ಹತ್ತಿರ ಅವರದೇ ಆಗಿತ್ತು. ಉಕ್ರೇನ್‌ನ ಒಡೆಸಾ ಆಫೀಸಿನ ಒಂದು ಕಂಪ್ಯೂಟರ್‌ನಲ್ಲಿ ಎಂ.ಇ.ಡಾಕ್ ಇತ್ತು, ಅಷ್ಟೇ ಸಾಕಾಯ್ತು. ಹಡಗುಗಳು ತೇಲ್ತಾನೇ ಇದ್ದವು, ಆದ್ರೆ ಯಾವ ಕಂಟೇನರ್‌ನಲ್ಲಿ ಏನಿದೆ, ಎಲ್ಲಿ ಇಳಿಸಬೇಕು ಅಂತ ಹೇಳೋ ಸಿಸ್ಟಮ್ ಸತ್ತಿತ್ತು. ಬಂದರುಗಳ ಗೇಟ್ ಮುಂದೆ ಲಾರಿಗಳ ಸಾಲು. ನಮ್ಮ ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನಲ್ಲೂ ಮೇರ್ಸ್ಕ್ ಗುಂಪು ನಡೆಸೋ ಟರ್ಮಿನಲ್ ಕೆಲಸ ನಿಂತಿತು. ಖಿಮ್ಕಿಯ ಕಟ್ಟಡಕ್ಕೂ ನವಿ ಮುಂಬೈನ ಲಾರಿ ಡ್ರೈವರ್‌ಗೂ ಏನು ಜಗಳ ಹೇಳಿ?

ಈಗ ನನ್ನ ಮೆಚ್ಚಿನ ಭಾಗ. ಮೇರ್ಸ್ಕ್ ನೆಟ್‌ವರ್ಕ್‌ನಲ್ಲಿ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಅನ್ನೋ ಇಡೀ ನಕ್ಷೆ ಇಟ್ಟುಕೊಳ್ಳೋ ಸರ್ವರ್‌ಗಳು ಸುಮಾರು 150 ಇದ್ದವು. ಒಂದಕ್ಕೊಂದು ಬ್ಯಾಕಪ್ ಅಂತ ಇದ್ದವು, ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಒಂದನ್ನ ಬಿಟ್ಟು. ಆಫ್ರಿಕಾದ ಘಾನಾ ಆಫೀಸಿನದು. ಅದ್ಯಾಕೆ ಉಳೀತು? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಇಂಟರ್ನೆಟ್‌ನಲ್ಲಿ ಕಳಿಸೋಕೆ ದಿನಗಟ್ಟಲೆ ಆಗುತ್ತೆ, ಹಾರ್ಡ್ ಡಿಸ್ಕ್ ಹಿಡ್ಕೊಂಡು ಲಂಡನ್‌ಗೆ ಹೋಗೋಣ ಅಂದ್ರೆ ಘಾನಾ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಒಬ್ಬರು ನೈಜೀರಿಯಾದ ಏರ್‌ಪೋರ್ಟ್‌ವರೆಗೆ ತಂದು ಇನ್ನೊಬ್ಬರ ಕೈಗೆ ಕೊಟ್ರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದ್ದಾಗಿ ಕಂಪನಿಯ ಅಧ್ಯಕ್ಷರೇ ಆಮೇಲೆ ಹೇಳಿದ್ರು. ನಷ್ಟ 25ರಿಂದ 30 ಕೋಟಿ ಡಾಲರ್.

ಎಲ್ಲ ದೇಶ ಸೇರಿ ಒಟ್ಟು ನಷ್ಟ 1,000 ಕೋಟಿ ಡಾಲರ್‌ಗಿಂತ ಹೆಚ್ಚು ಅನ್ನೋದು ಅಮೆರಿಕ ಸರ್ಕಾರದ ಅಂದಾಜು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಸ್ಪತ್ರೆಗಳಿಗೆ ರೋಗಿಗಳ ಪಟ್ಟಿ, ಹಳೇ ದಾಖಲೆ ಸಿಗದೇ ಹೋಯ್ತು. ಔಷಧ ಕಂಪನಿ ಮರ್ಕ್‌ಗೆ ಎಚ್‌ಪಿವಿ ಲಸಿಕೆ ಸಾಕಷ್ಟು ತಯಾರಿಸೋಕಾಗದೆ ಸರ್ಕಾರದ ದಾಸ್ತಾನಿನಿಂದ ಸಾಲ ತಗೋಬೇಕಾಯ್ತು.

ಭಾಗ 7

ಮರ್ಕ್ ಹೆಸರು ಬಂತಲ್ಲ, ಮೊದಲ ಪ್ರಶ್ನೆಗೆ ವಾಪಸ್ ಹೋಗೋಣ. ಕಂಪನಿ ತನ್ನ ವಿಮಾ ಕಂಪನಿಗಳ ಹತ್ತಿರ ಸುಮಾರು 140 ಕೋಟಿ ಡಾಲರ್ ನಷ್ಟ ತುಂಬಿಕೊಡಿ ಅಂತು. ವಿಮೆಯವರು ಪಾಲಿಸಿಯ ಸಣ್ಣಕ್ಷರ ತೋರಿಸಿದ್ರು: ಯುದ್ಧದಿಂದ ಆದ ನಷ್ಟಕ್ಕೆ ವಿಮೆ ಇಲ್ಲ. 2018ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಎರಡೂ ಸರ್ಕಾರ 'ನಾಟ್‌ಪೆಟ್ಯಾ ರಷ್ಯಾ ಸೇನೆಯ ಕೆಲಸ' ಅಂತ ಹೇಳಿಬಿಟ್ಟಿದ್ವು. ಸೇನೆ ಮಾಡಿದ್ದು ಅಂದ್ರೆ ಯುದ್ಧ ತಾನೇ, ಅನ್ನೋದು ವಿಮೆಯವರ ವಾದ.

ನ್ಯೂಜೆರ್ಸಿ ಕೋರ್ಟ್ ಒಪ್ಪಲಿಲ್ಲ. ಆ ಷರತ್ತು ಬರೆದದ್ದು ಸೇನೆಗಳು ಹೊಡೆದಾಡೋ ಯುದ್ಧವನ್ನ ಮನಸ್ಸಿನಲ್ಲಿಟ್ಟುಕೊಂಡು, ಔಷಧ ಕಂಪನಿಯ ಕಂಪ್ಯೂಟರ್ ಅಳಿಸಿದ್ದಕ್ಕೆ ಅದು ಅನ್ವಯಿಸಲ್ಲ ಅಂತ ಮರ್ಕ್ ಪರ ತೀರ್ಪು ಬಂತು. 2023ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಅಷ್ಟರಲ್ಲಿ ಲಂಡನ್‌ನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಹೊಸ ನಿಯಮ ತಂದಿತ್ತು: ಸರ್ಕಾರಗಳ ಬೆಂಬಲದ ದೊಡ್ಡ ಸೈಬರ್ ದಾಳಿಗಳನ್ನ ಸೈಬರ್ ಪಾಲಿಸಿಯಿಂದ ಸ್ಪಷ್ಟವಾಗಿ ಹೊರಗಿಡಿ. ಹಳೇ ಪಾಲಿಸಿ ಇದ್ದ ಮರ್ಕ್ ಬಚಾವ್. ಹೊಸ ಪಾಲಿಸಿ ತಗೊಂಡ ಸಣ್ಣ ಕಂಪನಿಗೆ ನಾಳೆ ಇದೇ ಆದ್ರೆ ಯಾರು ಕೊಡ್ತಾರೆ? ನನ್ನ ಪ್ರಕಾರ ಇಡೀ ಕಥೆಯಲ್ಲಿ ಬಾಂಬಿಗಿಂತ ದೊಡ್ಡ ಪರಿಣಾಮ ಇದೇ, ಆದ್ರೆ ಇದರ ಬಗ್ಗೆ ರೀಲ್ ಮಾಡೋರು ಕಡಿಮೆ.

ಭಾಗ 8

2018ರ ಫೆಬ್ರವರಿ 9, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಡೋಪಿಂಗ್ ಹಗರಣದಿಂದ ರಷ್ಯಾ ತನ್ನ ಧ್ವಜದಡಿ ಆಡೋ ಹಾಗಿರಲಿಲ್ಲ. ಸಮಾರಂಭದ ಹೊತ್ತಿಗೆ ವೈಫೈ, ವೆಬ್‌ಸೈಟ್, ಟಿಕೆಟ್ ವ್ಯವಸ್ಥೆ ಕೈಕೊಟ್ಟವು. ಕೋಡ್ ನೋಡಿದ್ರೆ ಉತ್ತರ ಕೊರಿಯಾದವರದ್ದು ಅನ್ನೋ ಹಾಗಿತ್ತು. ಕ್ಯಾಸ್ಪರ್‌ಸ್ಕಿ ಕಂಪನಿ (ಅದೂ ರಷ್ಯಾದ್ದೇ!) ಆ ಗುರುತು ಬೇಕಂತ ಅಂಟಿಸಿದ್ದು ಅಂತ ಪತ್ತೆ ಮಾಡ್ತು.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಯೂನಿಟ್ 74455ರ ಆರು ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ಕರೆಂಟ್, ನಾಟ್‌ಪೆಟ್ಯಾ, ಒಲಿಂಪಿಕ್ಸ್ ಎಲ್ಲ ಒಂದೇ ಪಟ್ಟಿಯಲ್ಲಿ, ಫೋಟೋ ಸಮೇತ. 2022ರಲ್ಲಿ ಅವರ ಸುಳಿವಿಗೆ 1 ಕೋಟಿ ಡಾಲರ್‌ವರೆಗೆ ಬಹುಮಾನ ಕೂಡ ಘೋಷಣೆ ಆಯ್ತು.

ಭಾಗ 9

2022ರ ಫೆಬ್ರವರಿಯಲ್ಲಿ ಟ್ಯಾಂಕ್‌ಗಳೇ ಉಕ್ರೇನ್ ಒಳಗೆ ಬಂದವು. ಏಪ್ರಿಲ್‌ನಲ್ಲಿ ಇಂಡಸ್ಟ್ರಾಯರ್‌ನ ಹೊಸ ಆವೃತ್ತಿ ಗ್ರಿಡ್ ಮೇಲೆ ಬಿತ್ತು, ಆದ್ರೆ ಉಕ್ರೇನ್‌ನ ಸೈಬರ್ ತಂಡ ಹೊತ್ತಿಗೆ ಸರಿಯಾಗಿ ಹಿಡೀತು. ಏಳು ವರ್ಷ ಪೆಟ್ಟು ತಿಂದವರು ಕಲಿತಿದ್ರು.

ಅಕ್ಟೋಬರ್ 10ರಂದು ದೇಶದ ಉದ್ದಗಲಕ್ಕೂ ಕ್ಷಿಪಣಿ ಸುರೀತಿದ್ದಾಗಲೇ ಒಂದು ಸಬ್‌ಸ್ಟೇಷನ್ನಿನ ಬ್ರೇಕರ್‌ಗಳು ತೆರೆದುಕೊಂಡು ಕರೆಂಟ್ ಹೋಯ್ತು. ಅದು ಕ್ಷಿಪಣಿಯಿಂದ ಅಲ್ಲ, ಸ್ಯಾಂಡ್‌ವರ್ಮ್‌ನಿಂದ ಅಂತ ಮ್ಯಾಂಡಿಯಂಟ್ ಕಂಪನಿ ವರದಿ ಮಾಡಿದ್ದು ಒಂದು ವರ್ಷ ಆದ್ಮೇಲೆ. 2023ರ ಡಿಸೆಂಬರ್‌ನಲ್ಲಿ ಸುಮಾರು 2.4 ಕೋಟಿ ಗ್ರಾಹಕರಿರೋ ಕೀವ್‌ಸ್ಟಾರ್ ಮೊಬೈಲ್ ನೆಟ್‌ವರ್ಕ್ ಬಿತ್ತು. ಕೆಲವು ಕಡೆ ವಾಯುದಾಳಿ ಎಚ್ಚರಿಕೆಯ ಸೈರನ್ ಕೂಡ ಕೂಗಲಿಲ್ಲ. ಇದೂ ಸ್ಯಾಂಡ್‌ವರ್ಮ್ ಅನ್ನುತ್ತೆ ಉಕ್ರೇನ್ ಭದ್ರತಾ ಸಂಸ್ಥೆ. ಸೈರನ್ ಕೂಗದಿದ್ರೆ ಅಡಗುತಾಣಕ್ಕೆ ಓಡಬೇಕು ಅಂತ ಜನರಿಗೆ ಗೊತ್ತಾಗೋದು ಹೇಗೆ?

ಉಕ್ರೇನ್ ಮೇಲಾದ ಸೈಬರ್ ದಾಳಿಗಳು ಯುದ್ಧಾಪರಾಧವಾಗಬಹುದಾ ಅಂತ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್‌ಗಳು ತನಿಖೆ ಮಾಡ್ತಿದ್ದಾರೆ ಅಂತ 2024ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ವಿಮೆ ಕೇಸಿನಲ್ಲಿ ಎದ್ದ ಪ್ರಶ್ನೆ ಈಗ ಹೇಗ್ ಮುಟ್ಟಿದೆ.

ಮುಂದಿನ ಸರಣಿಗೆ ಶಾಂಘೈನ 61398 ಬೇಕಾ, ಇಸ್ರೇಲ್‌ನ 8200 ಬೇಕಾ? ಕಾಮೆಂಟ್‌ನಲ್ಲಿ ನಂಬರ್ ಹಾಕಿ.

#ಇತಿಹಾಸ #ಸೈಬರ್ #ಸ್ಯಾಂಡ್‌ವರ್ಮ್ #ಕನ್ನಡದಲ್ಲಿ_ಓದಿ