ತುಳುಕುವ ಎಲೆಕ್ಟ್ರಾನುಗಳು

ಕೊಡ ಹೊತ್ತು ನಡೆಯುವಾಗ ನೀರು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲುತ್ತಲ್ಲ, ಲೋಹದೊಳಗಿನ ಎಲೆಕ್ಟ್ರಾನುಗಳೂ ಹಾಗೇ ಮಾಡ್ತವೆ. ಎಲ್ಲಾ ಸೇರಿ ಒಂದು ಪಕ್ಕಕ್ಕೆ ಸರಿದರೆ, ಹಿಂದೆ ಉಳಿದ ಧನ ವಿದ್ಯುದಂಶ ಅವನ್ನು ಎಳೆಯುತ್ತೆ. ವಾಪಸ್ ಬರುವ ಭರದಲ್ಲಿ ಇನ್ನೊಂದು ಪಕ್ಕಕ್ಕೆ ಹೋಗಿಬಿಡ್ತವೆ. ಈ ಒಟ್ಟು ತೂಗಾಟಕ್ಕೆ ಪ್ಲಾಸ್ಮಾನ್ ಅಂತ ಹೆಸರು. ಬಿಎಸ್ಸಿಯಲ್ಲಿ ಇದನ್ನು ಸೂತ್ರವಾಗಿ ಉರುಹೊಡೆದಿದ್ದೆ. ಅದರ ಹಿಂದಿನ ಕಥೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಡೇವಿಡ್ ಬೋಮ್ ಹೆಸರು ಕೇಳಿರ್ತೀರಿ, ಜಿಡ್ಡು ಕೃಷ್ಣಮೂರ್ತಿಯವರ ಜೊತೆ ಸಂವಾದ ನಡೆಸಿದವರು. ಅದೆಲ್ಲಾ ಆಮೇಲಿನ ಮಾತು. ಪ್ರಿನ್ಸ್‌ಟನ್‌ನಲ್ಲಿ ಅವರು, ಅವರ ವಿದ್ಯಾರ್ಥಿ ಡೇವಿಡ್ ಪೈನ್ಸ್ ಸೇರಿ ಲೋಹದ ಎಲೆಕ್ಟ್ರಾನುಗಳ ಸಾಮೂಹಿಕ ಚಲನೆಯ ಸಿದ್ಧಾಂತ ಕಟ್ಟುತ್ತಿದ್ದ ಹೊತ್ತಿಗೇ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೀತಿತ್ತು. 1949ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಬೋಮ್ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಲಿಲ್ಲ. 1950ರ ಡಿಸೆಂಬರ್‌ನಲ್ಲಿ ಬಂಧನ, ವಿಶ್ವವಿದ್ಯಾಲಯದಿಂದ ಅಮಾನತು. ಮುಂದಿನ ವರ್ಷ ನ್ಯಾಯಾಲಯ ನಿರ್ದೋಷಿ ಅಂದಿತು; ಆದರೂ ಕೆಲಸ ಮುಂದುವರಿಸಲಿಲ್ಲ. ಬ್ರೆಜಿಲ್‌ನ ಸಾವೊ ಪೌಲೊಗೆ ಹೋದರು, ಅಲ್ಲಿ ಪಾಸ್‌ಪೋರ್ಟೂ ಕೈತಪ್ಪಿತು. ಇಬ್ಬರ ಲೇಖನಮಾಲೆ ಶುರುವಾಗಿದ್ದು 1951ರಲ್ಲಿ. 1953ರಲ್ಲಿ ಮೂರನೆಯದು ಬರುವಾಗ ಗುರು ಒಂದು ಖಂಡದಲ್ಲಿ, ಶಿಷ್ಯ ಇನ್ನೊಂದರಲ್ಲಿ. ಎಲೆಕ್ಟ್ರಾನುಗಳು ಒಟ್ಟಾಗಿ ಹೇಗೆ ನಡೀತವೆ ಅಂತ ಬರೆದವರನ್ನೇ ಹೀಗೆ ಬೇರೆ ಮಾಡಿದ್ರು ನೋಡಿ!

1957ರಲ್ಲಿ ಓಕ್ ರಿಡ್ಜ್ ಪ್ರಯೋಗಾಲಯದ ರೂಫಸ್ ರಿಚಿ, ಈ ತೂಗಾಟ ಲೋಹದ ಮೈಮೇಲೂ ಇರಬಹುದು, ಅಲ್ಲಿ ಅದರ ಶಕ್ತಿ ಕಡಿಮೆ ಅಂತ ಲೆಕ್ಕ ಹಾಕಿದರು. ಎರಡೇ ವರ್ಷದಲ್ಲಿ ಪ್ರಯೋಗ ಅದನ್ನು ತೋರಿಸಿತು.

ಹಾಗಾದರೆ ಮೈ ಮಾತ್ರ ಲೋಹ, ಒಳಗೆಲ್ಲಾ ಅವಾಹಕ ಆಗಿರುವ ವಸ್ತು ಸಿಕ್ಕರೆ? ಅದೇ ಟೋಪೋಲಾಜಿಕಲ್ ಇನ್ಸುಲೇಟರ್. ಬಿಸ್ಮತ್ ಸೆಲೆನೈಡ್ ಅಂಥದ್ದು ಅಂತ 2009ರಲ್ಲಿ ತೋರಿಸಿದ್ದು ಜಾಹಿದ್ ಹಸನ್ ಅವರ ತಂಡ. ಎಲ್ಲಿ ಅಂತೀರಿ? ಅದೇ ಪ್ರಿನ್ಸ್‌ಟನ್‌ನಲ್ಲಿ. ಇದರ ಮೈಮೇಲೆ ಎಲೆಕ್ಟ್ರಾನ್ ಯಾವ ದಿಕ್ಕಿಗೆ ಹೊರಟಿತೋ ಅದಕ್ಕೆ ತಕ್ಕಂತೆ ಅದರ ಸ್ಪಿನ್ ಅಡ್ಡಕ್ಕೆ ತಿರುಗಿರುತ್ತೆ. ಹಾಗಾಗಿ ವಿದ್ಯುದಂಶ ತೂಗಿದರೆ ಜೊತೆಗೆ ಸ್ಪಿನ್ನೂ ತೂಗಬೇಕು ಅಂತ 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಶೌಚೆಂಗ್ ಜಾಂಗ್ ಮತ್ತು ಸಂಗಡಿಗರು ಬರೆದರು.

ನೋಡುವುದು ಹೇಗೆ? ಬೆಳಕನ್ನು ಸುಮ್ಮನೆ ಬಿಟ್ಟರೆ ಆಗಲ್ಲ, ಅದರ ಸಂವೇಗ ಈ ಅಲೆಗೆ ಸಾಲದು. 2013ರಲ್ಲಿ ರೋಮ್‌ನ ಸ್ಟೆಫಾನೊ ಲೂಪಿ ಅವರ ತಂಡ ಬಿಸ್ಮತ್ ಸೆಲೆನೈಡ್‌ನ ತೆಳು ಪೊರೆಯನ್ನು ಕೆಲವೇ ಮೈಕ್ರೋಮೀಟರ್ ಅಗಲದ ಪಟ್ಟಿಗಳಾಗಿ ಕೊರೆದು, ಟೆರಾಹರ್ಟ್ಸ್ ಬೆಳಕು ಹಾಯಿಸಿತು. ಪಟ್ಟಿ ಕಿರಿದಾದಷ್ಟೂ ತೂಗಾಟ ಚುರುಕು: ಅಗಲ ಕಾಲು ಭಾಗಕ್ಕಿಳಿದರೆ ಆವರ್ತನ ಎರಡರಷ್ಟು. ಸಿದ್ಧಾಂತ ಹೇಳಿದ್ದೂ ಅದನ್ನೇ.

ಒಂದು ಕೊಸರು ಮಾತ್ರ ಉಳಿದಿದೆ. ಈ ಹರಳಿನಲ್ಲಿ ಅಲ್ಲಲ್ಲಿ ಸೆಲೆನಿಯಂ ಪರಮಾಣು ಜಾಗ ಬಿಟ್ಟಿರುತ್ತೆ, ಆ ಖಾಲಿ ಜಾಗಗಳಿಂದ ಹೆಚ್ಚುವರಿ ಎಲೆಕ್ಟ್ರಾನುಗಳು ಬರ್ತವೆ. ಅವು ಮೈಗೆ ತೀರಾ ಹತ್ತಿರದಲ್ಲೇ ಇನ್ನೊಂದು ಪದರ ಕಟ್ಟಿಕೊಂಡು ಜೊತೆಗೇ ತೂಗುತ್ತವೆ. ತುಳುಕಿದ್ದರಲ್ಲಿ ಯಾರ ಪಾಲೆಷ್ಟು ಅನ್ನೋ ತಕರಾರು ಆ ಪ್ರಯೋಗ ಬಂದ ವರ್ಷವೇ ಶುರುವಾಯ್ತು. ನನಗಂತೂ ಆ ತಕರಾರು ಸರಿಯಾದದ್ದೇ ಅನ್ನಿಸುತ್ತೆ.