ಜೋಡಿಯಾಗಿ ಯೂರೋಪಿಗೆ ಹೋಗೋದಾದ್ರೆ ಚಳಿಯಲ್ಲಿ ಹೋಗಿ, ಒಂದೇ ಊರಿಗೆ ಹೋಗಿ

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಾನೂ ನನ್ನ ಗಂಡನೂ ಮೊದಲ ಸಲ ಯೂರೋಪಿಗೆ ಹೋಗಿದ್ದು ಗ್ರೂಪ್ ಟೂರಿನಲ್ಲಿ. ಮೇ ತಿಂಗಳು, 10 ದಿನ, 6 ದೇಶ. ಬೆಳಗ್ಗೆ 6ಕ್ಕೆ ಬ್ಯಾಗ್ ಕಟ್ಟೋದು, ಬಸ್ ಹತ್ತೋದು, ಇಳಿದು ಫೋಟೋ ತೆಗೆಸಿಕೊಳ್ಳೋದು, ಮತ್ತೆ ಹತ್ತೋದು. ಅದಕ್ಕೆ ಮಾಡಿದ ಸಾಲದ ಕಂತು ತೀರೋಕೆ ಒಂದೂವರೆ ವರ್ಷ ಹಿಡೀತು. ಎಲ್ಲ ಫೋಟೋದಲ್ಲೂ ಇಬ್ಬರೂ ಇದ್ದೀವಿ. ಆದರೆ ಆ ಹತ್ತು ದಿನದಲ್ಲಿ ನಾವಿಬ್ಬರೇ ಕೂತು ಒಂದು ಲೋಟ ಕಾಫಿ ಕುಡಿದ ನೆನಪು ನನಗಿಲ್ಲ.

ಎರಡನೇ ಸಲ ಹೋಗಿದ್ದು ಫೆಬ್ರವರಿಯಲ್ಲಿ, ಒಂದೇ ಊರಿಗೆ: ಹಂಗೇರಿಯ ರಾಜಧಾನಿ ಬುಡಾಪೆಸ್ಟ್. 7 ರಾತ್ರಿ, ಒಂದೇ ರೂಮು, ಸಾಲ ಇಲ್ಲ. ಆಮೇಲೆ ಪರಿಚಯದ ಎಷ್ಟೋ ಜೋಡಿಗಳು ಹೇಗೆ ಹೋದ್ರಿ, ಏನು ಮಾಡಿದ್ರಿ ಅಂತ ಕೇಳಿದ್ದಾರೆ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಉಳಿತಾಯ ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ

ಆಫ್-ಸೀಸನ್ ಅಂದರೆ ಎಲ್ಲವೂ ಅಗ್ಗ ಅಂದುಕೊಳ್ಳಬೇಡಿ. ಇಳಿಯೋದು ಮುಖ್ಯವಾಗಿ ಎರಡು: ವಿಮಾನದ ಟಿಕೆಟ್ ಮತ್ತು ರೂಮಿನ ಬಾಡಿಗೆ. ವೀಸಾ ಶುಲ್ಕ ಜುಲೈನಲ್ಲೂ ಅಷ್ಟೇ, ಜನವರಿಯಲ್ಲೂ ಅಷ್ಟೇ. ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ವಯಸ್ಕರಿಗೆ ತಲಾ 90 ಯೂರೋ. ಇಬ್ಬರಿಗೆ 180, ಅದರ ಮೇಲೆ ಅರ್ಜಿ ಕೇಂದ್ರದ ಸರ್ವಿಸ್ ಚಾರ್ಜ್. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರಲ್ಲ.

ಈಗ ಒಂದು ಸಣ್ಣ ಲೆಕ್ಕ. ಈ 180 ಯೂರೋವನ್ನು 3 ರಾತ್ರಿಯ ಪ್ರವಾಸಕ್ಕೆ ಹಂಚಿದರೆ ರಾತ್ರಿಗೆ 60 ಯೂರೋ ವೀಸಾಕ್ಕೇ ಹೋಯ್ತು. 7 ರಾತ್ರಿಗೆ ಹಂಚಿದರೆ 26ಕ್ಕಿಂತ ಕಡಿಮೆ. ವಿಮಾನದ ಟಿಕೆಟ್‌ಗೂ ಇದೇ ಲೆಕ್ಕ. ಇನ್ನು ಊರಿಂದೂರಿಗೆ ಓಡುವ ರೈಲು, ಲಗೇಜ್, ಚೆಕ್-ಇನ್ ಎಂದು ಕಳೆಯುವ ಅರ್ಧರ್ಧ ದಿನಗಳ ಖರ್ಚು ಬೇರೆ. ಹಾಗಾಗಿ ಕಡಿಮೆ ದುಡ್ಡಿನವರು ಕಡಿಮೆ ದಿನ ಹೋಗೋದಕ್ಕಿಂತ ಕಡಿಮೆ ಊರಿಗೆ ಹೋಗೋದು ಜಾಣತನ.

ಯಾವಾಗ ಹೋಗಬೇಕು

ಚಳಿಗಾಲ ಪೂರ್ತಿ ಆಫ್-ಸೀಸನ್ ಅಲ್ಲ. ನವೆಂಬರ್ ಮಧ್ಯದಲ್ಲಿ ಕ್ರಿಸ್‌ಮಸ್ ಮಾರುಕಟ್ಟೆ ಶುರುವಾದರೆ ಹೊಸ ವರ್ಷದ ತನಕ ಊರು ತುಂಬಿರುತ್ತೆ, ರೂಮಿನ ದರವೂ ಏರಿರುತ್ತೆ. ನನ್ನ ಸಲಹೆ: ಜನವರಿ ಎರಡನೇ ವಾರದಿಂದ ಮಾರ್ಚ್ ಆರಂಭದವರೆಗೆ, ನಡುವೆ ಪ್ರೇಮಿಗಳ ದಿನದ ವಾರಾಂತ್ಯ ಬಿಟ್ಟು.

ಕಷ್ಟವನ್ನೂ ಹೇಳಿಬಿಡ್ತೀನಿ. ಜನವರಿಯಲ್ಲಿ ತಾಪಮಾನ ಸೊನ್ನೆಯ ಆಸುಪಾಸು. ಫೆಬ್ರವರಿ ಮೊದಲ ವಾರದಲ್ಲೂ ಸಂಜೆ 5ಕ್ಕೆ ಕತ್ತಲು. ಮೊದಲ ದಿನ ನಾನೇ, "ರೀ, ಇಷ್ಟು ದುಡ್ಡು ಕೊಟ್ಟು ಕತ್ತಲು ನೋಡೋಕೆ ಬಂದ್ವಾ?" ಅಂದಿದ್ದೆ. ಎರಡನೇ ದಿನದಿಂದ ಬೆಳಕಿನ ಹೊತ್ತು ಹೊರಗೆ, ಕತ್ತಲಾದ ಮೇಲೆ ಒಳಗೆ ಎಂದು ದಿನವನ್ನು ಹಂಚಿಕೊಂಡೆವು. ಸರಿಹೋಯ್ತು.

ವೀಸಾ ತಯಾರಿ

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಗಡುವಿನ ತನಕ ಕಾಯಬೇಡಿ. ವಾಪಸ್ ಹೊರಡುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಕನಿಷ್ಠ 3 ತಿಂಗಳ ಅವಧಿ ಉಳಿದಿರಬೇಕು, 2 ಖಾಲಿ ಪುಟ ಇರಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅರ್ಜಿಯ ಹಿಂದಿನ ವಾರ ದಿಢೀರನೆ ದೊಡ್ಡ ಮೊತ್ತ ಬಂದು ಕೂತರೆ ಅನುಮಾನ ಬರುತ್ತೆ. ರೂಮನ್ನು ರದ್ದು ಮಾಡಬಹುದಾದ ಷರತ್ತಿನ ಮೇಲೆಯೇ ಬುಕ್ ಮಾಡಿ. ಒಂದೇ ಊರಾದರೆ ಅರ್ಜಿಯೂ ಸರಳ: ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರಿ ಎಂಬ ಪ್ರಶ್ನೆಯೇ ಇಲ್ಲ.

ಉಳಿಯೋದು, ಓಡಾಡೋದು

ಡ್ಯಾನ್ಯೂಬ್ ನದಿಯ ಪಶ್ಚಿಮಕ್ಕೆ ಗುಡ್ಡದ ಬುಡಾ, ಪೂರ್ವಕ್ಕೆ ಬಯಲಿನ ಪೆಸ್ಟ್. ಓಬುಡಾವೂ ಸೇರಿ 1873ರಲ್ಲಿ ಇವೆಲ್ಲ ಒಂದೇ ನಗರವಾದವು. ಉಳಿಯೋಕೆ ಪೆಸ್ಟ್ ಕಡೆ ಅನುಕೂಲ, ಅದರಲ್ಲೂ 4 ಮತ್ತು 6ನೇ ನಂಬರ್ ಟ್ರಾಮ್ ಓಡುವ ವರ್ತುಲ ರಸ್ತೆಯ ಹತ್ತಿರ. 6ನೇ ನಂಬರ್ ರಾತ್ರಿಯಿಡೀ ಇರುತ್ತೆ. ವಿಳಾಸದ ಪಿನ್‌ಕೋಡ್‌ನ ನಡುವಿನ ಎರಡು ಅಂಕಿ ನೋಡಿದರೆ ಬಡಾವಣೆ ಗೊತ್ತಾಗುತ್ತೆ: 1072 ಅಂದರೆ 7ನೇ ಜಿಲ್ಲೆ. ಅಲ್ಲಿ ಬಾರುಗಳು ಜಾಸ್ತಿ, ನಿದ್ದೆ ಬೇಕಾದವರು ಯೋಚಿಸಿ.

ವಿಮಾನ ನಿಲ್ದಾಣದಿಂದ 100ಇ ಬಸ್ ನೇರ ನಗರದ ಮಧ್ಯಕ್ಕೆ ಬರುತ್ತೆ, ಅದಕ್ಕೆ ಪ್ರತ್ಯೇಕ ಟಿಕೆಟ್. ಊರೊಳಗೆ ಹಲವು ದಿನದ ಪಾಸ್ ತಗೊಳ್ಳಿ. ಬಿಡಿ ಕಾಗದದ ಟಿಕೆಟ್ ಕೊಂಡರೆ ಯಂತ್ರದಲ್ಲಿ ಪಂಚ್ ಮಾಡಲೇಬೇಕು, ಇಲ್ಲದಿದ್ರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡ. ಮೆಟ್ರೋದ ಮೊದಲ ಮಾರ್ಗ 1896ರದ್ದು, ಯೂರೋಪ್ ಭೂಖಂಡದಲ್ಲೇ ಮೊದಲ ಸುರಂಗ ರೈಲು. ನದಿಯ ಪಕ್ಕದಲ್ಲೇ ಓಡುವ 2ನೇ ನಂಬರ್ ಟ್ರಾಮ್‌ನಲ್ಲಿ ದೀಪ ಹೊತ್ತಿದ ಮೇಲೆ ಕೂತರೆ ಸಂಸತ್ ಭವನ, ಸರಪಳಿ ಸೇತುವೆ, ಎದುರು ದಡದ ಅರಮನೆ ಎಲ್ಲ ಕಾಣುತ್ತೆ. ನಾವು ದೋಣಿ ವಿಹಾರಕ್ಕೆ ದುಡ್ಡು ಕೊಡಲೇ ಇಲ್ಲ.

ಚಳಿಯಲ್ಲೇ ಚೆಂದ ಇರೋದು

ಬುಡಾಪೆಸ್ಟ್‌ನ ನೆಲದಡಿಯಿಂದ ಬಿಸಿನೀರು ಬರುತ್ತೆ. 1913ರಲ್ಲಿ ತೆರೆದ ಸೇಚೆನಿ ಸ್ನಾನಗೃಹದ ಬಯಲು ಕೊಳಗಳು ಚಳಿಗಾಲದಲ್ಲೂ ತೆರೆದಿರುತ್ತವೆ. ತಲೆಗೆ ಚಳಿಗಾಳಿ, ಕುತ್ತಿಗೆ ತನಕ ಬಿಸಿನೀರು, ಸುತ್ತ ಹಬೆ. ಬೇಸಿಗೆಯಲ್ಲಿ ಈ ಸುಖ ಸಿಗಲ್ಲ. ವಾರದ ದಿನಗಳಲ್ಲಿ ದರ ವಾರಾಂತ್ಯಕ್ಕಿಂತ ಕಡಿಮೆ. ಈಜುಡುಗೆ, ಟವೆಲ್, ಚಪ್ಪಲಿ ಮನೆಯಿಂದಲೇ ಒಯ್ಯಿರಿ. ಜೋಡಿಗಳಿಗೆ ಒಂದು ಎಚ್ಚರಿಕೆ: ಒಟ್ಟೊಮನ್ ಕಾಲದ ರುದಾಶ್‌ನಂಥ ಕಡೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ದಿನ ಇಡುವ ರೂಢಿ ಉಂಟು. ಇಬ್ಬರೂ ಒಟ್ಟಿಗೆ ಹೋಗಬಹುದಾದ ದಿನ ಯಾವುದೆಂದು ಮೊದಲೇ ನೋಡಿಕೊಳ್ಳಿ.

ಸೇಚೆನಿ ಇರುವ ಉದ್ಯಾನದಲ್ಲೇ ಬೇಸಿಗೆಯ ಕೆರೆ ಚಳಿಗಾಲಕ್ಕೆ ಹಿಮದ ಮೇಲೆ ಜಾರುವ ಅಂಗಳವಾಗುತ್ತೆ. 1884ರ ಒಪೆರಾ ಭವನಕ್ಕೂ ಇದೇ ಸೀಸನ್. ಮೇಲಿನ ಮಹಡಿಯ ಸೀಟು ಅಗ್ಗ. ಪ್ರವಾಸಿಗಳ ಆಫ್-ಸೀಸನ್ ಅಲ್ಲಿನ ಜನಕ್ಕೆ ತಮ್ಮ ಊರು ತಮಗೆ ಸಿಗುವ ಕಾಲ.

ಬಿಟ್ಟಿಯಾಗಿ ನೋಡೋಕೂ ಬೇಕಾದಷ್ಟಿದೆ. ಮೀನುಗಾರರ ಕೊತ್ತಲದ ಕೆಳ ಅಂಗಳಕ್ಕೆ ಟಿಕೆಟ್ ಇಲ್ಲ. ಸಂಸತ್ ಭವನದ ಹತ್ತಿರ ನದಿಯ ಅಂಚಿನಲ್ಲಿ 60 ಜೊತೆ ಕಬ್ಬಿಣದ ಚಪ್ಪಲಿ-ಬೂಟುಗಳಿವೆ. 1944-45ರಲ್ಲಿ ಯೆಹೂದ್ಯರನ್ನು ಇಲ್ಲಿ ನಿಲ್ಲಿಸಿ, ಪಾದರಕ್ಷೆ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದ್ದರ ನೆನಪಿಗೆ 2005ರಲ್ಲಿ ಇಟ್ಟದ್ದು. ಅದರಲ್ಲಿ ಮಕ್ಕಳ ಬೂಟೂ ಇದೆ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಬಸ್ ಕಾಯ್ತಿದೆ ಅಂತ ಕರೆಯುವವರೂ ಇರಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆವು.

ಊಟ ಮತ್ತು ದುಡ್ಡು

ನಾನು ಸಸ್ಯಾಹಾರಿ, ಅವರು ಅಲ್ಲ. ಅವರಿಗೆ ಗುಯಾಶ್ ಸಾರು ಸಿಕ್ಕಿತು. ನನಗೆ ಲಾಂಗೋಶ್: ನಮ್ಮ ಪೂರಿಯ ದೊಡ್ಡಣ್ಣ ಅನ್ನಿ, ಮೇಲೆ ಹುಳಿ ಕೆನೆ, ಚೀಸ್. ಫೋಜೆಲೇಕ್ ಎಂಬುದು ತರಕಾರಿಯ ಗಟ್ಟಿ ಪಲ್ಯ, ಮೇಲೆ ಮಾಂಸ ಬೇಡ ಅಂತ ಹೇಳಬೇಕು. "ನೆಮ್ ಎಸೆಮ್ ಹೂಷ್ತ್" ಅಂದರೆ ನಾನು ಮಾಂಸ ತಿನ್ನಲ್ಲ. ನಲ್ಲಿ ನೀರು ಕುಡಿಯಬಹುದು. ಅಡುಗೆಮನೆ ಇರುವ ರೂಮು ಹಿಡಿದು ಒಂದು ಹೊತ್ತು ಅನ್ನ-ತಿಳಿಸಾರು ಮಾಡಿಕೊಂಡರೆ ಹೊಟ್ಟೆಗೂ ಜೇಬಿಗೂ ಹಿತ.

ಹಂಗೇರಿಯ ನಾಣ್ಯ ಯೂರೋ ಅಲ್ಲ, ಫೋರಿಂಟ್. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕಟ್ತೀರಾ?" ಎಂದು ಕೇಳಿದರೆ ಬೇಡ ಅನ್ನಿ, ಫೋರಿಂಟ್ ಅನ್ನೇ ಒತ್ತಿ. ಒಂದು ಅಂಗಡಿಯಲ್ಲಿ ನಾನು ರೂಪಾಯಿ ಒತ್ತಿ, ವಿನಿಮಯ ದರದಲ್ಲಿ ಚೆನ್ನಾಗಿ ಏಟು ತಿಂದೆ.

ಯಾರಿಗೆ ಬೇಡ

ಚಳಿಗೆ ಕೀಲುನೋವು ಹೆಚ್ಚಾಗುವವರು, ಹೂದೋಟ ನೋಡಬೇಕೆನ್ನುವವರು, ಕತ್ತಲಾದರೆ ಮನಸ್ಸು ಕುಗ್ಗುವವರು ಈ ಪ್ರವಾಸ ಮಾಡಬೇಡಿ. ಅಂಥವರಿಗೆ ಅಕ್ಟೋಬರ್ ಒಳ್ಳೇದು, ಖರ್ಚು ಸ್ವಲ್ಪ ಹೆಚ್ಚು. ಮುಖ್ಯವಾಗಿ, ಸಾಲ ಮಾಡಿ ಹೋಗಬೇಡಿ. ಪ್ರವಾಸ ಮುಗಿದ ಮೇಲೂ ತಿಂಗಳು ತಿಂಗಳು ಕಂತು ಬಂದು ನಿಂತಾಗ ಮನೆಯಲ್ಲಿ ಎಂಥ ಮಾತು ಬರುತ್ತೆ ಅಂತ ನಮಗೆ ಗೊತ್ತು.

ಏಳನೇ ಸಂಜೆ ಕಾಫಿ ಅಂಗಡಿಯ ಕಿಟಕಿ ಪಕ್ಕ ಕೂತು ಅಲ್ಲಿನ ಭಾಷೆ ಕಲಿಯುತ್ತಿದ್ದೆವು. ಹಾಜ್ ಅಂದರೆ ಮನೆ, ಹಾಜಕ್ ಮನೆಗಳು, ಹಾಜಕ್‌ಬನ್ ಮನೆಗಳಲ್ಲಿ. "ಅರೆ, ಇದೂ ಕನ್ನಡದ ಥರಾನೇ ಬಾಲಕ್ಕೆ ಬಾಲ ಅಂಟಿಸ್ತಾರಲ್ಲೇ" ಅಂತ ಇವರು ನಕ್ಕರು. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯ್ತು: ಅವರ ಕೆಲಸ, ನನ್ನ ಅಮ್ಮನ ಆರೋಗ್ಯ, ವರ್ಷಗಳಿಂದ ಮುಂದೂಡಿದ್ದ ಒಂದೆರಡು ವಿಷಯ. ಹೊರಗೆ ಕತ್ತಲಾಗಿ ಮೂರು ಗಂಟೆ ಕಳೆದಿತ್ತು.

ಬರುವ ಜನವರಿಗೆ ಹೊರಡೋ ಯೋಚನೆ ಇದ್ರೆ ಆಗಸ್ಟ್‌ನಲ್ಲೇ ಇಬ್ಬರ ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಕೆಲಸ ಅಲ್ಲಿಂದ ಶುರು.